ಊರು ಬಿಟ್ಟು ಬಂದ ಹಿರಿಯರ ಜಾಡು: ಮನೆತನದ ದಾಖಲೆ ಹುಡುಕುವ ಕ್ರಮ

ಬೆಂಗಳೂರಿನ ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಹಳೆಯ ಮನೆಗಳು ಒಂದೊಂದಾಗಿ ಕಡಿಮೆಯಾಗುತ್ತಿವೆ. ಹೆಂಚಿನ ಮನೆ ಇದ್ದ ಜಾಗದಲ್ಲಿ ಅಂಗಡಿ ಸಾಲು, ಅಪಾರ್ಟ್‌ಮೆಂಟು ಏಳುತ್ತಿವೆ. ಮನೆ ಖಾಲಿ ಮಾಡುವ ವಾರದಲ್ಲಿ ಅಟ್ಟದ ಮೇಲಿನ ಟ್ರಂಕು ಕೆಳಗಿಳಿಯುತ್ತದೆ. ಅದರಲ್ಲಿ ಹಳೆಯ ಪತ್ರ, ರಶೀದಿ, ಜಾತಕ, ಲೆಕ್ಕದ ಪುಸ್ತಕ ಇರುತ್ತವೆ. ಓದಲು ಯಾರಿಗೂ ಪುರುಸೊತ್ತಿಲ್ಲದೆ ಅವು ಕೆ.ಜಿ. ಲೆಕ್ಕದಲ್ಲಿ ಹಳೇ ಪೇಪರ್ ಅಂಗಡಿಗೆ ಹೋಗುತ್ತವೆ. ಆ ಮನೆತನದ ಹಿರಿಯರು ಯಾವ ಊರಿನಿಂದ, ಯಾವ ವರ್ಷ, ಯಾವ ಕಾರಣಕ್ಕೆ ಬಂದರು ಎಂಬುದಕ್ಕೆ ಉಳಿದಿದ್ದ ಸಾಕ್ಷಿಯೂ ಎಷ್ಟೋ ಸಲ ಅದರ ಜೊತೆಗೇ ಹೋಗಿಬಿಡುತ್ತದೆ.

ಮಲ್ಲೇಶ್ವರ ಹೊರಗಿನಿಂದ ಬಂದವರಿಂದ ಬೆಳೆದ ಬಡಾವಣೆ. 1890ರ ದಶಕದಲ್ಲಿ ರೂಪುಗೊಂಡ ಈ ಬಡಾವಣೆಗೆ 1898ರ ಪ್ಲೇಗಿನ ನಂತರ ಪೇಟೆಯ ಇಕ್ಕಟ್ಟಿನಿಂದ ಜನ ಬಂದು ನೆಲೆಸಿದರು. ಹೀಗಾಗಿ ಇಲ್ಲಿನ ಅನೇಕ ಮನೆತನಗಳಿಗೆ ಎರಡು ವಲಸೆಗಳಿವೆ. ಮೊದಲನೆಯದು ಮೂಲ ಊರಿನಿಂದ ಬೆಂಗಳೂರು ಪೇಟೆಗೆ, ಎರಡನೆಯದು ಪೇಟೆಯಿಂದ ಬಡಾವಣೆಗೆ. ಬಸವನಗುಡಿ, ಚಾಮರಾಜಪೇಟೆಯ ಮನೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಹಾಸನ, ತುಮಕೂರು, ಮೈಸೂರು ಸೀಮೆಯಿಂದ ಬಂದವರು, ತುಳುನಾಡಿನಿಂದ ಬಂದವರು, ಬೆಳಗಾವಿ ಕಡೆಯಿಂದ ಬಂದವರು, ಮಾರವಾಡ ಮತ್ತು ಗುಜರಾತಿನಿಂದ ಬಂದವರು ಹೀಗೆ ಎಲ್ಲರೂ ನಮ್ಮ ಸಮಾಜದಲ್ಲಿದ್ದಾರೆ.

ಮೂಲ ಊರು ಗೊತ್ತಿರುವುದು ಬರೀ ಅಭಿಮಾನದ ವಿಷಯವಲ್ಲ. ಹಿರಿಯರು ನಡೆದುಕೊಳ್ಳುತ್ತಿದ್ದ ಬಸದಿ ಯಾವುದು, ಮದುವೆ ಮಾತುಕತೆಯಲ್ಲಿ ಗೋತ್ರ ಅಥವಾ ಬಳಿ ಯಾವುದು, ಜೀರ್ಣೋದ್ಧಾರಕ್ಕೆ ಕಾಯುತ್ತಿರುವ ಹಳ್ಳಿಯ ಬಸದಿಗೆ ಸಂಬಂಧಪಟ್ಟ ಮನೆಗಳು ಯಾವುವು ಎಂಬ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಈ ಲೇಖನ ಹುಡುಕಾಟದ ಕ್ರಮವನ್ನು ಹಂತ ಹಂತವಾಗಿ ಕೊಡುತ್ತದೆ. ನೆನಪಿಡಬೇಕಾದ ಮುಖ್ಯ ಸೂತ್ರ ಒಂದೇ. ವಲಸೆ ಹೋದವರ ಹೆಸರು ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ. ಆದ್ದರಿಂದ ಬರೀ ಹೆಸರನ್ನು ಹಿಡಿದು ಹೋಗದೆ ಊರು, ಬಸದಿ, ನಂಟು ಈ ಮೂರನ್ನೂ ಹಿಡಿದು, ಒಂದು ದಾಖಲೆಯನ್ನು ಇನ್ನೊಂದರ ಜೊತೆ ತಾಳೆ ನೋಡುತ್ತ ಹಿಂದಕ್ಕೆ ಹೋಗಬೇಕು.

೧. ಹುಡುಕಾಟ ಮನೆಯಿಂದಲೇ ಶುರು

ಮೊದಲ ದಾಖಲೆ ಮನೆಯ ಹಿರಿಯರೇ. ಎಂಬತ್ತು ದಾಟಿದ ಅಜ್ಜಿ, ಸೋದರತ್ತೆ, ದೊಡ್ಡಪ್ಪ ಇದ್ದರೆ ಕಚೇರಿಗೆ ಅಲೆಯುವ ಮುಂಚೆ ಅವರ ಹತ್ತಿರ ಕೂರಬೇಕು. ಕಾಗದ ಇನ್ನೊಂದು ವರ್ಷ ಕಾಯಬಹುದು, ಹಿರಿಯರ ನೆನಪು ಕಾಯುವುದಿಲ್ಲ. "ನಮ್ಮ ಮೂಲ ಯಾವುದು" ಎಂದು ನೇರ ಕೇಳಿದರೆ ಹೆಚ್ಚು ಉತ್ತರ ಬರುವುದಿಲ್ಲ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಯಾವ ಊರಿಗೆ ಹೋಗುತ್ತಿದ್ದಿರಿ, ಯಾವ ರೈಲು ಅಥವಾ ಬಸ್ಸು, ಇಳಿದ ಮೇಲೆ ಎಷ್ಟು ದೂರ ನಡೆಯಬೇಕಿತ್ತು, ಊರಿನ ಬಸದಿಯಲ್ಲಿ ಯಾವ ತೀರ್ಥಂಕರರು, ಯಾರ ಮನೆಯಲ್ಲಿ ಉಳಿಯುತ್ತಿದ್ದಿರಿ ಎಂದು ಕೇಳಬೇಕು. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡರೆ ಒಳ್ಳೆಯದು.

ನಂತರ ಟ್ರಂಕು ಬಿಚ್ಚಬೇಕು. ಅದರಲ್ಲಿ ಹುಡುಕಬೇಕಾದವು ಇವು.

• ಜಾತಕ: ಹುಟ್ಟಿದ ಸಂವತ್ಸರ, ನಕ್ಷತ್ರ, ಗೋತ್ರ, ಕೆಲವೊಮ್ಮೆ ಊರು.
• ಲಗ್ನಪತ್ರಿಕೆ: ವಧು-ವರರ ಅಜ್ಜಂದಿರ ಹೆಸರು, ಎರಡೂ ಕಡೆಯ ಊರು, ಆಹ್ವಾನಿಸುವ ನೆಂಟರ ಪಟ್ಟಿ. ಈ ಪಟ್ಟಿ ಒಂದು ಪುಟ್ಟ ವಂಶವೃಕ್ಷವೇ ಸರಿ.
• ವಿಭಾಗ ಪತ್ರ ಅಥವಾ ಪಾಲುಪಟ್ಟಿ, ಕ್ರಯಪತ್ರ, ಭೋಗ್ಯಪತ್ರ, ಉಯಿಲು.
• ಅಂಗಡಿಯ ರೋಕಡ, ಖಾತೆ ಪುಸ್ತಕ. ಊರಿಗೆ ಕಳಿಸಿದ ಹಣ, ಬಸದಿಗೆ ಕೊಟ್ಟ ಕಾಣಿಕೆ ಖರ್ಚಿನ ಕಡೆ ಸಿಗುತ್ತದೆ.
• ಹಿತ್ತಾಳೆ, ತಾಮ್ರದ ಪಾತ್ರೆ. ಮದುವೆಯಲ್ಲಿ ಬಂದ ಪಾತ್ರೆಯ ಮೇಲೆ ಕೊಟ್ಟವರ ಹೆಸರು, ಊರು, ತಾರೀಖು ಕೊರೆಸಿರುತ್ತಾರೆ. ಪಾತ್ರೆ ಹಾಕಿ ಹೊಸದು ತರುವ ಮುಂಚೆ ಅದರ ಫೋಟೊ ತೆಗೆದುಕೊಳ್ಳಬೇಕು.
• ಫೋಟೊ ಹಿಂಬದಿಯ ಬರಹ, ಸ್ಟುಡಿಯೋ ಮುದ್ರೆ, ಕಾರ್ಡು-ಕವರುಗಳ ಮೇಲಿನ ಅಂಚೆ ಮುದ್ರೆ.

ಕಾಗದವನ್ನು ಮಡಿಕೆ ಬಿಡಿಸುವಾಗ ಎಚ್ಚರವಿರಲಿ. ಹರಿದದ್ದಕ್ಕೆ ಅಂಟುಟೇಪು ಹಾಕಬಾರದು, ಅದು ಕೆಲವೇ ವರ್ಷಗಳಲ್ಲಿ ಕಾಗದವನ್ನು ಕಂದು ಮಾಡಿ ಹಾಳುಗೆಡವುತ್ತದೆ. ಪ್ಲಾಸ್ಟಿಕ್ ಲ್ಯಾಮಿನೇಷನ್ ಕೂಡ ಬೇಡ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ ತೆಗೆದು, ಬಿಳಿ ಕಾಗದದ ಮಧ್ಯೆ ಇಟ್ಟರೆ ಸಾಕು.

೨. ಹೆಸರಿನ ತೊಡಕು

ಮೂಲ ಊರಿನಲ್ಲಿ ಒಂದು ಹೆಸರು, ಪೇಟೆಯಲ್ಲಿ ಇನ್ನೊಂದು, ಶಾಲೆಯ ದಾಖಲೆಯಲ್ಲಿ ಮತ್ತೊಂದು ಇರುವುದು ಸಾಮಾನ್ಯ. ಪದ್ಮರಾಜ, ಪದ್ಮರಾಜಯ್ಯ, ಪದ್ಮಣ್ಣ ಒಬ್ಬರೇ ಇರಬಹುದು. ಊರಿನಲ್ಲಿ ಶೆಟ್ಟಿ, ಗೌಡ, ಹೆಗ್ಗಡೆ, ಬಲ್ಲಾಳ, ಇಂದ್ರ, ಉಪಾಧ್ಯೆ, ಪಾಟೀಲ, ಚೌಗುಲೆ ಎಂದಿದ್ದವರು ನಗರಕ್ಕೆ ಬಂದ ಮೇಲೆ ಹೆಸರಿನ ಮುಂದೆ "ಜೈನ್" ಎಂದು ಮಾತ್ರ ಬರೆಸಿಕೊಂಡದ್ದೂ ಉಂಟು. ಒಮ್ಮೆ "ಜೈನ್" ಎಂದಾದ ಮೇಲೆ ಹೆಸರಿನಿಂದ ಊರು ಗುರುತಿಸುವುದು ಕಷ್ಟ.

ಇಲ್ಲಿ ಸಹಾಯಕ್ಕೆ ಬರುವುದು ಇನಿಷಿಯಲ್ಲು. ಹಳೆಯ ಮೈಸೂರು ಸೀಮೆಯಲ್ಲಿ ಮೊದಲ ಅಕ್ಷರ ಊರಿನದು, ಎರಡನೆಯದು ತಂದೆಯದು ಎಂಬ ಪದ್ಧತಿ ಬಹಳ ಮನೆಗಳಲ್ಲಿದೆ. ಅಜ್ಜನ ಹೆಸರಿನ ಮೊದಲ ಅಕ್ಷರ ಯಾವ ಊರಿನದು ಎಂದು ಕೇಳಿದರೆ ಎಷ್ಟೋ ಸಲ ಅಲ್ಲೇ ಉತ್ತರ ಸಿಗುತ್ತದೆ.

ತುಳುನಾಡಿನ ಮೂಲದವರು ಒಂದು ವಿಷಯ ಗಮನಿಸಬೇಕು. ಅಲ್ಲಿನ ಅಳಿಯಸಂತಾನ ಪದ್ಧತಿಯ ಮನೆಗಳಲ್ಲಿ ಬಳಿ ತಾಯಿಯಿಂದ ಬರುತ್ತದೆ. ಮನೆತನದ ಆಸ್ತಿಯೂ ಹಿಂದೆ ತಾಯಿಯ ಕಡೆಯಿಂದಲೇ ಸಾಗುತ್ತಿತ್ತು. ಅಂಥ ಹಿರಿಯರನ್ನು ತಂದೆಯ ಊರಿನಲ್ಲಿ ಹುಡುಕಿದರೆ ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ತಾಯಿಯ ಮನೆ, ಸೋದರಮಾವನ ಹೆಸರು, ಬೀಡು ಅಥವಾ ಗುತ್ತಿನ ಹೆಸರು ಹಿಡಿದು ಹೋಗಬೇಕು.

ಊರಿನ ಹೆಸರೂ ಬದಲಾಗುತ್ತದೆ. ಹುಂಚ ಮತ್ತು ಹೊಂಬುಜ ಒಂದೇ. ಸೋಂದಾ ಮತ್ತು ಸ್ವಾದಿ ಒಂದೇ. ಮೂಡುಬಿದಿರೆಯನ್ನು ಹಿರಿಯರು ಬೆದ್ರ ಎನ್ನುತ್ತಾರೆ. ಮಲ್ಲೇಶ್ವರವನ್ನೇ ನೋಡಿ. ಬಡಾವಣೆಗೆ ಹೆಸರು ಕೊಟ್ಟ ಕಾಡು ಮಲ್ಲೇಶ್ವರ ದೇವಾಲಯದ 1669ರ ಶಾಸನದಲ್ಲಿ ಮೇದರನಿಂಗನಹಳ್ಳಿ ಎಂಬ ಗ್ರಾಮದ ಹೆಸರಿದೆ. ಇಂದು ಸಂಪಿಗೆ ರಸ್ತೆಯಲ್ಲಿ ನಿಂತು ಆ ಹಳ್ಳಿ ಎಲ್ಲಿ ಎಂದು ಕೇಳಿದರೆ ಹೇಳುವವರು ಸಿಗುವುದು ಕಷ್ಟ. ನಿಮ್ಮ ಹಿರಿಯರ ಪತ್ರದಲ್ಲಿರುವ ಊರು ಇಂದಿನ ನಕ್ಷೆಯಲ್ಲಿ ಸಿಗದಿದ್ದರೆ ಊರೇ ಸುಳ್ಳು ಎಂದುಕೊಳ್ಳಬಾರದು. ಹಳೆಯ ಹೋಬಳಿ, ತಾಲ್ಲೂಕಿನ ಪಟ್ಟಿಯಲ್ಲಿ ಹುಡುಕಬೇಕು.

೩. ಬಸದಿ ಮತ್ತು ಮಠ

ಊರು ಬಿಟ್ಟವರು ಹೊಲ ಮಾರಿದರೂ ಬಸದಿಯ ಸಂಬಂಧವನ್ನು ಬೇಗ ಬಿಡುತ್ತಿರಲಿಲ್ಲ. ಹೊಸ ಊರಿನಲ್ಲಿ ನಾಲ್ಕು ಕಾಸು ಸಂಪಾದಿಸಿದ ಮೇಲೆ ಹಳೆಯ ಊರಿನ ಬಸದಿಗೆ ಗಂಟೆ, ಪ್ರಭಾವಳಿ, ದೀಪ, ನೆಲಗಲ್ಲು ಮಾಡಿಸಿದವರು ಬಹಳ. ಆದ್ದರಿಂದ ಮೂಲ ಊರಿಗೆ ಹೋದಾಗ ದರ್ಶನ ಮಾಡಿ ಹೊರಟುಬಿಡಬಾರದು. ದಾನಿಗಳ ಕಲ್ಲು, ಗಂಟೆಯ ಅಂಚು, ಲೋಹದ ಬಿಂಬಗಳ ಪೀಠ, ಬಾಗಿಲವಾಡದ ಹಿತ್ತಾಳೆ ತಗಡು ಇವುಗಳ ಮೇಲಿನ ಬರಹ ನೋಡಬೇಕು. ಬಿಂಬದ ಪೀಠ ನೋಡುವುದಕ್ಕೆ ಅರ್ಚಕರ ಅನುಮತಿ ಪಡೆದು, ಅವರಿಂದಲೇ ಓದಿಸಿಕೊಳ್ಳುವುದು ಸರಿಯಾದ ರೀತಿ.

ಪ್ರತಿ ಸೀಮೆಯ ಶ್ರಾವಕರಿಗೂ ಒಂದು ಮಠದ ಸಂಬಂಧವಿತ್ತು. ಶ್ರವಣಬೆಳಗೊಳ, ಮೂಡುಬಿದಿರೆ, ಕಾರ್ಕಳ, ಹೊಂಬುಜ, ಸೋಂದಾ, ನರಸಿಂಹರಾಜಪುರ, ಕನಕಗಿರಿ, ಕೊಲ್ಹಾಪುರ, ನಾಂದಣಿ ಮಠಗಳಲ್ಲಿ ಹಿರಿಯರು ಯಾವ ಮಠದ ಭಟ್ಟಾರಕರಿಗೆ ಪಾದಪೂಜೆ ಮಾಡುತ್ತಿದ್ದರು ಎಂದು ತಿಳಿದರೆ ಹುಡುಕಬೇಕಾದ ಸೀಮೆ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಶಾಸನಗಳಿಗೆ ಎಪಿಗ್ರಾಫಿಯಾ ಕರ್ನಾಟಿಕ ಸಂಪುಟಗಳಿವೆ. ಶ್ರವಣಬೆಳಗೊಳದ್ದು ಎರಡನೆಯ ಸಂಪುಟ. ಬಿ.ಎಲ್. ರೈಸ್ ಅವರು 1889ರಲ್ಲಿ, ಆರ್. ನರಸಿಂಹಾಚಾರ್ ಅವರು 1923ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ 1973ರಲ್ಲಿ ಇದನ್ನು ಹೊರತಂದಿವೆ. ಅರಸರ ದಾನಗಳಷ್ಟೇ ಅಲ್ಲ, ಉತ್ತರ ಭಾರತದಿಂದ ಯಾತ್ರೆಗೆ ಬಂದ ಸಾಮಾನ್ಯ ಶ್ರಾವಕರು ಮಾರವಾಡಿ ಭಾಷೆಯಲ್ಲಿ ಬೆಟ್ಟದ ಮೇಲೆ ಕೆತ್ತಿಸಿದ ಹೆಸರುಗಳೂ ಅದರಲ್ಲಿವೆ. ತಾಳೆಗರಿ ಗ್ರಂಥಗಳ ಕೊನೆಯಲ್ಲಿ ಬರೆಸಿದವರ, ಬರೆದವರ ಹೆಸರು, ಊರು ಇರುತ್ತದೆ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿ 1948ರಲ್ಲಿ ಭಾರತೀಯ ಜ್ಞಾನಪೀಠ ಪ್ರಕಟಿಸಿದ "ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ"ಯಿಂದ ಯಾವ ಭಂಡಾರದಲ್ಲಿ ಏನಿದೆ ಎಂಬ ದಿಕ್ಕು ಸಿಗುತ್ತದೆ.

ಸಮಾಜದ ಹಳೆಯ ಪತ್ರಿಕೆಗಳನ್ನೂ ಮರೆಯಬಾರದು. 1899ರಲ್ಲಿ ಸ್ತವನಿಧಿಯಲ್ಲಿ ಹುಟ್ಟಿದ, ಇಂದಿನ ದಕ್ಷಿಣ ಭಾರತ ಜೈನ ಸಭೆಯ "ಪ್ರಗತಿ ಮತ್ತು ಜಿನವಿಜಯ" ಪತ್ರಿಕೆ ಬೆಳಗಾವಿ ಸೀಮೆಯವರಿಗೆ ಉಪಯುಕ್ತ. ಇಂಥ ಪತ್ರಿಕೆಗಳ ನಿಧನ ವಾರ್ತೆ, ದಾನಿಗಳ ಪಟ್ಟಿಯಲ್ಲಿ ಹಿರಿಯರ ಹೆಸರಿನ ಜೊತೆ ಊರೂ ಸಿಗುವ ಸಂಭವವಿದೆ.

೪. ಸರ್ಕಾರಿ ದಾಖಲೆ: ಆಗ ಊರು ಯಾರ ಆಡಳಿತದಲ್ಲಿತ್ತು?

ಇದನ್ನು ತಿಳಿಯದೆ ಕಚೇರಿಗೆ ಹೋದರೆ ದಿನ ಹಾಳು. ಇಂದಿನ ಕರ್ನಾಟಕ 1956ರಲ್ಲಿ ಒಂದಾಯಿತು. ಅದಕ್ಕೆ ಮುಂಚೆ:

• ಬೆಂಗಳೂರು, ಮೈಸೂರು, ಹಾಸನ, ತುಮಕೂರು, ಶಿವಮೊಗ್ಗ, ಚಿಕ್ಕಮಗಳೂರು ಮೈಸೂರು ಸಂಸ್ಥಾನ. ದಾಖಲೆ ಕನ್ನಡ ಮತ್ತು ಇಂಗ್ಲಿಷಿನಲ್ಲಿ. ಸ್ಥಳ: ವಿಧಾನಸೌಧದಲ್ಲಿರುವ ಕರ್ನಾಟಕ ರಾಜ್ಯ ಪತ್ರಾಗಾರ, ಅದರ ಮೈಸೂರು ವಿಭಾಗೀಯ ಕಚೇರಿ.
• ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಮದ್ರಾಸ್ ಪ್ರಾಂತ್ಯ. ಮೇಲಿನ ಹಂತದ ಕಡತಗಳು ಚೆನ್ನೈನ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ.
• ಬೆಳಗಾವಿ, ಧಾರವಾಡ, ವಿಜಯಪುರ ಸೀಮೆ ಮತ್ತು 1862ರಿಂದ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯ. ಗಡಿ ಭಾಗದ ಹಳೆಯ ಮನೆಕಾಗದಗಳು ಮೋಡಿ ಲಿಪಿಯಲ್ಲಿರುತ್ತವೆ.
• ಕಲಬುರಗಿ, ಬೀದರ್, ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನ. ಕಡತಗಳು ಉರ್ದುವಿನಲ್ಲಿ.

ಸಂಪಿಗೆ ರಸ್ತೆಯವರಿಗೆ ರಾಜ್ಯ ಪತ್ರಾಗಾರ ದೂರವಿಲ್ಲ. ಮೆಟ್ರೋದಲ್ಲಿ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿ ರೈಲು ಬದಲಿಸಿ ವಿಧಾನಸೌಧ ನಿಲ್ದಾಣದಲ್ಲಿ ಇಳಿಯಬಹುದು. ಹೋಗುವಾಗ ಗುರುತಿನ ಚೀಟಿ ಮತ್ತು ಹುಡುಕುತ್ತಿರುವ ಊರು, ತಾಲ್ಲೂಕು, ವರ್ಷ ಬರೆದ ಚೀಟಿ ಇರಲಿ. "ನಮ್ಮ ಮನೆತನದ ದಾಖಲೆ ಕೊಡಿ" ಎಂದರೆ ಅಲ್ಲಿ ಸಿಗುವುದಿಲ್ಲ. ಅಲ್ಲಿನ ಕಡತಗಳು ಇಲಾಖೆವಾರು ಇರುತ್ತವೆ.

ಜನಗಣತಿಯ ಮೇಲೆ ಭರವಸೆ ಇಟ್ಟುಕೊಳ್ಳಬೇಡಿ. ಹಳೆಯ ಜನಗಣತಿಯ ಮುದ್ರಿತ ವರದಿಗಳಲ್ಲಿ ಒಂದು ಜಿಲ್ಲೆಯಲ್ಲಿ ಜೈನರು ಎಷ್ಟು ಎಂಬ ಅಂಕಿ ಸಿಗುತ್ತದೆ, ಮನೆಮಂದಿಯ ಹೆಸರು ಸಿಗುವುದಿಲ್ಲ. ಹೆಸರು ಸಿಗುವುದು ಮುಖ್ಯವಾಗಿ ಮೂರು ಕಡೆ.

ಭೂಮಿ ದಾಖಲೆ: ಮೂಲ ಊರಿನಲ್ಲಿ ಹಿರಿಯರಿಗೆ ಜಮೀನು ಇದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆಯ ಪಹಣಿ, ಮ್ಯುಟೇಷನ್ ಪುಸ್ತಕ, ಇಂಡೆಕ್ಸ್ ಆಫ್ ಲ್ಯಾಂಡ್ಸ್ ಕೇಳಬೇಕು. ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು ಪೌತಿ ಖಾತೆಯ ಕಡತ. ಖಾತೆದಾರರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಲು ವಂಶವೃಕ್ಷ ಕೊಡಬೇಕು. ಆ ವಂಶವೃಕ್ಷದಲ್ಲಿ ಊರು ಬಿಟ್ಟು ಹೋದ ತಮ್ಮನ ಹೆಸರೂ ಇರಬಹುದು. ದಕ್ಷಿಣ ಕನ್ನಡದಲ್ಲಿ ಜಮೀನಿನ ವರ್ಗಗಳು ಮೂಲ ವರ್ಗದಾರರ ಹೆಸರಿನಲ್ಲೇ ಮುಂದುವರಿದದ್ದುಂಟು. ಪುರೋಹಿತ ಮನೆತನದವರು ಬಸದಿಯ ಇನಾಂ ಮತ್ತು ಮುಜರಾಯಿ ತಸ್ತೀಕಿನ ಕಡತ ನೋಡಬೇಕು.

ನೋಂದಣಿ ದಾಖಲೆ: ಉಪನೋಂದಣಾಧಿಕಾರಿ ಕಚೇರಿಯಲ್ಲಿ ಹೆಸರಿನ ಸೂಚಿ, ಆಸ್ತಿಯ ಸೂಚಿ ಎರಡೂ ಇರುತ್ತವೆ. ಕಂಪ್ಯೂಟರ್ ಬರುವ ಮುಂಚಿನ ಕಾಲಕ್ಕೆ ಕೈಬರಹದ ಸೂಚಿಯಲ್ಲಿ ಶುಲ್ಕ ಕಟ್ಟಿ ಹುಡುಕಿಸಬೇಕು. ವಲಸೆಯ ಹುಡುಕಾಟದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಹಕ್ಕು ಬಿಡುಗಡೆ ಪತ್ರ. ಊರು ಬಿಟ್ಟವರು ತಮ್ಮ ಪಾಲನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಡುವಾಗ ತಂದೆಯ ಹೆಸರು, ಹಳೆಯ ಊರು, ಹಾಲಿ ವಾಸ, ಕಸುಬು ಎಲ್ಲವನ್ನೂ ಅದರಲ್ಲಿ ಬರೆಸುತ್ತಾರೆ. ಹಳೆಯ ಊರು ಮತ್ತು ಹೊಸ ಊರು ಒಂದೇ ಕಾಗದದಲ್ಲಿ ಸಿಗುವುದು ಇಂಥಲ್ಲೇ. ಬೆಂಗಳೂರಿನ ನಿವೇಶನದ ಮೊದಲ ಕ್ರಯಪತ್ರದಲ್ಲೂ ಕೊಂಡವರು ಹಿಂದೆ ಪೇಟೆಯ ಯಾವ ಬೀದಿಯಲ್ಲಿದ್ದರು ಎಂಬುದು ಇರಬಹುದು.

ಶಾಲಾ ದಾಖಲೆ: ಹಳೆಯ ಸರ್ಕಾರಿ ಶಾಲೆಗಳ ದಾಖಲಾತಿ ಪುಸ್ತಕದಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಜಾತಿ, ಜನ್ಮದಿನ, ಹಿಂದೆ ಓದಿದ ಶಾಲೆ ಇರುತ್ತದೆ. ಹಿಂದಿನ ಶಾಲೆಯ ಊರು ಎಂದರೆ ಕುಟುಂಬ ಹಿಂದೆ ಇದ್ದ ಊರು. ಜನ್ಮದಿನವನ್ನು ಮಾತ್ರ ಪೂರ್ತಿ ನಂಬಬಾರದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನಲ್ಲಿ ಬರೆದುಕೊಂಡ ತಾರೀಖುಗಳು ಬಹಳ.

೫. ಕಾಲದ ಲೆಕ್ಕ

ಹಳೆಯ ಕಾಗದದಲ್ಲಿ ಇಸವಿ ಇರುವುದಿಲ್ಲ, ಸಂವತ್ಸರ ಇರುತ್ತದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ವಿಳಂಬಿ ಎಂದರೆ 1898-99 ಆಗಬಹುದು, 1958-59 ಆಗಬಹುದು. ಇಲ್ಲಿ ಒಂದು ಸುತ್ತು ತಪ್ಪಿದರೆ ಅಜ್ಜನ ಪತ್ರ ಮುತ್ತಜ್ಜನ ಲೆಕ್ಕಕ್ಕೆ ಹೋಗುತ್ತದೆ. ಪ್ಲೇಗಿನ ವರ್ಷವನ್ನೇ ಉದಾಹರಣೆಗೆ ತೆಗೆದುಕೊಂಡರೆ:

• ಶಾಲಿವಾಹನ ಶಕ 1820. ಶಕಕ್ಕೆ 78 ಕೂಡಿಸಿದರೆ ಇಸವಿ.
• ವಿಕ್ರಮ ಸಂವತ್ 1955. ಇದರಿಂದ 57 ಕಳೆಯಬೇಕು. ಮಾರವಾಡ, ಗುಜರಾತ್ ಮೂಲದ ಕಾಗದಗಳಲ್ಲಿ ಇದೇ ಹೆಚ್ಚು.
• ವೀರ ನಿರ್ವಾಣ ಸಂವತ್ 2425, ದೀಪಾವಳಿಯ ನಂತರ. ಇದರಿಂದ 527 ಕಳೆಯಬೇಕು.
• ಫಸಲಿ 1308. ಇದಕ್ಕೆ 590 ಕೂಡಿಸಬೇಕು. ಮದ್ರಾಸ್ ಮತ್ತು ಹೈದರಾಬಾದ್ ಕಡೆಯ ಕಂದಾಯ ಕಾಗದಗಳಲ್ಲಿ ಇರುತ್ತದೆ.

ವರ್ಷದ ಆರಂಭ ಬೇರೆ ಬೇರೆ ತಿಂಗಳಲ್ಲಿ ಆಗುವುದರಿಂದ ಒಂದು ವರ್ಷ ಹಿಂದೆ ಮುಂದೆ ಆಗಬಹುದು. ಆದ್ದರಿಂದ ಮೂಲದಲ್ಲಿ ಇದ್ದಂತೆಯೇ ಮೊದಲು ಬರೆದುಕೊಂಡು, ಇಸವಿಯನ್ನು ಪಕ್ಕದಲ್ಲಿ ಬರೆಯಬೇಕು.

೬. ಒಂದು ಉದಾಹರಣೆ: ವಯನಾಡಿನ ಗೌಡರ್ ಮನೆತನಗಳು

ಊರು ಬಿಟ್ಟು ಹೋದವರ ಜಾಡು ಎಷ್ಟು ದೂರ ಸಿಗುತ್ತದೆ, ಎಲ್ಲಿ ಕಡಿಯುತ್ತದೆ ಎಂಬುದಕ್ಕೆ ಕೇರಳದ ವಯನಾಡಿನ ಜೈನರು ಒಳ್ಳೆಯ ಉದಾಹರಣೆ. ಗೌಡರ್ ಎಂದು ಕರೆಸಿಕೊಳ್ಳುವ ಇವರು ಕರ್ನಾಟಕದಿಂದ ಹೋಗಿ ನೆಲೆಸಿದ ದಿಗಂಬರ ಜೈನರು. ಮಲಯಾಳದ ನಾಡಿನಲ್ಲಿದ್ದೂ ಮನೆಮಾತು ಕನ್ನಡ. ಕಲ್ಪೆಟ್ಟ ಹತ್ತಿರದ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿ, ಮಾನಂತವಾಡಿಯ ಆದೀಶ್ವರ ಸ್ವಾಮಿ ಬಸದಿ, ಪಾಲುಕುನ್ನು, ವರದೂರು, ವೆಣ್ಣಿಯೋಡು ಬಸದಿಗಳು ಇವರ ಶ್ರದ್ಧಾ ಕೇಂದ್ರಗಳು.

ಇವರಲ್ಲಿ ಹೆಚ್ಚು ಪರಿಚಿತರು ಮಾತೃಭೂಮಿ ಪತ್ರಿಕಾ ಸಂಸ್ಥೆಯ ಮುಖ್ಯಸ್ಥರಾಗಿದ್ದ, 2020ರ ಮೇ 28ರಂದು ನಿಧನರಾದ ಎಂ.ಪಿ. ವೀರೇಂದ್ರಕುಮಾರ್. ಇವರ ಜಾಡನ್ನು ಮೇಲಿನ ಕ್ರಮದಲ್ಲೇ ನೋಡಬಹುದು.

ಮೊದಲ ಮೆಟ್ಟಿಲು ಇನಿಷಿಯಲ್ಲು. ಎಂ ಎಂದರೆ ಮಣಿಯಂಕೋಡು, ಪಿ ಎಂದರೆ ತಂದೆ ಪದ್ಮಪ್ರಭ ಗೌಡರ್. ಅವರ ತಂದೆಯ ಹೆಸರಿನಲ್ಲಿರುವ ಎಂ.ಕೆ. ಎಂದರೆ ಮಣಿಯಂಕೋಡು ಕೃಷ್ಣ ಗೌಡರ್. ಎರಡೇ ಹೆಸರಿನಿಂದ ಮೂರು ತಲೆಮಾರು ಮತ್ತು ನೆಲೆಯ ಹೆಸರು ಸಿಕ್ಕಿತು. ಎರಡನೆಯ ಮೆಟ್ಟಿಲು ಮುದ್ರಿತ ಸರ್ಕಾರಿ ದಾಖಲೆ. ವೀರೇಂದ್ರಕುಮಾರ್ 1996 ಮತ್ತು 2004ರಲ್ಲಿ ಕೋಝಿಕ್ಕೋಡಿನಿಂದ ಲೋಕಸಭೆಗೆ ಆಯ್ಕೆಯಾದವರು. ಸದಸ್ಯರ ಪರಿಚಯ ಪುಸ್ತಕದಲ್ಲಿ ತಂದೆ, ತಾಯಿ, ಹುಟ್ಟಿದ ಊರು ಇರುತ್ತವೆ. ಅದೇ ಮಣಿಯಂಕೋಡು ಹೆಸರಿನ ಎಂ.ಕೆ. ಜಿನಚಂದ್ರನ್ 1957ರಲ್ಲಿ ತಲಶ್ಶೇರಿಯಿಂದ ಲೋಕಸಭೆಗೆ ಆಯ್ಕೆಯಾದವರು. ಎಂ.ಕೆ. ಎಂಬ ಎರಡು ಅಕ್ಷರ ಇಲ್ಲಿಯೂ ಅದೇ ನೆಲೆಯನ್ನು, ಅದೇ ತಂದೆಯ ಹೆಸರನ್ನು ತೋರಿಸುತ್ತದೆ. ಹೀಗೆ ಬೇರೆ ಬೇರೆ ಕಾಗದ ಒಂದೇ ಮಾತು ಹೇಳಿದಾಗ ಲೆಕ್ಕ ತಾಳೆಯಾಯಿತು ಎನ್ನಬಹುದು.

ಮೂರನೆಯ ಮೆಟ್ಟಿಲಿನಿಂದ ಕಷ್ಟ ಶುರು. ವಯನಾಡು 1799ರವರೆಗೆ ಟಿಪ್ಪುವಿನ ಮೈಸೂರಿನ ಹಿಡಿತದಲ್ಲಿತ್ತು. ನಂತರ ಬ್ರಿಟಿಷರಿಗೆ ಹೋಗಿ ಮದ್ರಾಸ್ ಪ್ರಾಂತ್ಯದ ಮಲಬಾರ್ ಜಿಲ್ಲೆಗೆ ಸೇರಿತು. 1956ರಲ್ಲಿ ಕೇರಳಕ್ಕೆ ಬಂತು, 1980ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಅಂದರೆ ಒಂದೇ ಮನೆಯ ಕಾಗದ ಕಲ್ಪೆಟ್ಟ, ಕೋಝಿಕ್ಕೋಡು, ಚೆನ್ನೈ ಮೂರು ಕಡೆ ಹಂಚಿಹೋಗಿರಬಹುದು. ಅದಕ್ಕಿಂತ ಹಿಂದೆ ಹೋದರೆ ಉಳಿಯುವುದು ಮನೆಮಾತು, ಬಸದಿ, ಮದುವೆ ಸಂಬಂಧ ಇವೇ. ವಯನಾಡಿನ ಮನೆಯವರು ತಲೆತಲಾಂತರದಿಂದ ಕರ್ನಾಟಕದ ಯಾವ ಊರುಗಳಿಂದ ಹೆಣ್ಣು ತಂದರು, ಯಾವ ಊರಿಗೆ ಕೊಟ್ಟರು ಎಂದು ಪಟ್ಟಿ ಮಾಡಿದರೆ ಹುಡುಕಬೇಕಾದ ಸೀಮೆ ಕಣ್ಣಿಗೆ ಕಾಣತೊಡಗುತ್ತದೆ.

ಇಲ್ಲಿ ಒಂದು ತಪ್ಪು ಬಹಳ ಜನ ಮಾಡುತ್ತಾರೆ. ಸುಲ್ತಾನ್ ಬತ್ತೇರಿಯಲ್ಲಿ 13ನೇ ಶತಮಾನದ್ದೆಂದು ಹೇಳುವ ಕಲ್ಲಿನ ಬಸದಿ ಇದೆ. ಟಿಪ್ಪುವಿನ ಕಾಲದಲ್ಲಿ ಅದು ಮದ್ದುಗುಂಡಿನ ಕೋಠಿಯಾಯಿತು, ಊರಿಗೆ ಬತ್ತೇರಿ ಎಂಬ ಹೆಸರೂ ಅದರಿಂದಲೇ ಬಂತು. ಅಲ್ಲಿ ಹಳೆಯ ಬಸದಿ ಇದೆ, ನಾವೂ ಜೈನರು, ಆದ್ದರಿಂದ ನಮ್ಮ ಹಿರಿಯರೇ ಕಟ್ಟಿಸಿದ್ದು ಎಂದು ಬರೆದುಬಿಡುವುದು ಸುಲಭ. ಕರ್ನಾಟಕದಿಂದ ಜನ ಹೋದದ್ದು ಒಂದೇ ಸಲವಲ್ಲ, ಬೇರೆ ಬೇರೆ ಕಾಲದಲ್ಲಿ. ಬಸದಿಯ ವಯಸ್ಸು ಮನೆತನದ ವಯಸ್ಸಲ್ಲ. ನಡುವಿನ ಕೊಂಡಿಯನ್ನು ದಾಖಲೆ ತೋರಿಸಿದರೆ ಬರೆಯಬೇಕು, ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಬೇಕು.

೭. ಹೆಣ್ಣುಮಕ್ಕಳ ಹೆಸರು

ಸಾಮಾನ್ಯವಾಗಿ ಬರೆಸುವ ವಂಶವೃಕ್ಷದಲ್ಲಿ ಏಳು ತಲೆಮಾರಿನ ಗಂಡಸರಿರುತ್ತಾರೆ, ಅವರ ತಾಯಂದಿರು ಇರುವುದಿಲ್ಲ. ಆದರೆ ವಲಸೆಯಲ್ಲಿ ಗಂಡ ತೀರಿಕೊಂಡ ಮೇಲೆ ಮಕ್ಕಳನ್ನು ಕರೆದುಕೊಂಡು ತವರಿಗೋ ಪಟ್ಟಣಕ್ಕೋ ಬಂದ ಅಜ್ಜಿಯರು ಕಡಿಮೆಯಲ್ಲ. ಅಂಥ ಮನೆಯಲ್ಲಿ ಊರು ಬಿಟ್ಟು ಬಂದ ಹಿರಿಯರು ಎಂದರೆ ಆ ಅಜ್ಜಿಯೇ. ಅವರನ್ನು ಬಿಟ್ಟು ಬರೆದ ಇತಿಹಾಸ ಪೂರ್ತಿಯಾಗುವುದಿಲ್ಲ.

ಇವರ ಹೆಸರು ಸಿಗುವ ಜಾಗವೂ ನಮ್ಮಲ್ಲಿದೆ. ಅನಂತನ ನೋಂಪಿ ಮೊದಲಾದ ನೋಂಪಿಗಳ ಉದ್ಯಾಪನೆಗೆ ಹೆಣ್ಣುಮಕ್ಕಳು ಮಾಡಿಸಿಕೊಟ್ಟ ಚಿಕ್ಕ ಬಿಂಬಗಳು ಬಸದಿಗಳಲ್ಲಿವೆ. ಪೀಠದ ಮೇಲೆ ಇಂಥವರ ಮಗಳು, ಇಂಥವರ ಹೆಂಡತಿ ಎಂದು ಬರೆಸಿರುತ್ತಾರೆ. ಕಂದಾಯ ಕಾಗದದಲ್ಲಿ ಕಾಣದ ಹೆಸರು ಅಲ್ಲಿ ಕಾಣುತ್ತದೆ. ಬಂಗಾರ ಅಡವಿಟ್ಟ ಲೆಕ್ಕ, ಸ್ತ್ರೀಧನದ ಪಟ್ಟಿ, ಜೀವನಾಂಶದ ಪತ್ರಗಳನ್ನೂ ನೋಡಬೇಕು.

೮. ಹೊರ ರಾಜ್ಯ ಮತ್ತು ಕಡಲಾಚೆ

ಮಾರವಾಡ, ಗುಜರಾತ್ ಮೂಲದ ಮನೆಗಳಿಗೆ ವಂಶಾವಳಿ ಬರೆದಿಡುವ ಭಾಟರು, ವಹಿವಂಚರ ಪುಸ್ತಕಗಳು ದೊಡ್ಡ ಆಸ್ತಿ. ಮೂಲ ಗ್ರಾಮದಲ್ಲಿ ವಿಚಾರಿಸಿದರೆ ಯಾವ ಭಾಟರು ಎಂದು ತಿಳಿಯುತ್ತದೆ. ಕೆಲವು ವಹಿಗಳು ಸ್ವರಚಿಹ್ನೆ ಬಿಟ್ಟು ಬರೆಯುವ ಮಹಾಜನಿ ಲಿಪಿಯಲ್ಲಿರುವುದರಿಂದ ಓದಬಲ್ಲ ಹಿರಿಯರನ್ನು ಜೊತೆಗಿಟ್ಟುಕೊಳ್ಳಬೇಕು. ಉತ್ತರ ಕರ್ನಾಟಕದಲ್ಲಿ ಮನೆತನದ ವಂಶಾವಳಿ ಹೇಳುವ ಕೆಲಸ ಹೆಳವರದು. ಮೂಲ ಊರಿನ ಸೀಮೆಗೆ ಬರುತ್ತಿದ್ದ ಹೆಳವರು ಯಾರು ಎಂದು ಊರಿನ ಹಿರಿಯರಲ್ಲಿ ವಿಚಾರಿಸಬಹುದು.

ಹಡಗು ಹತ್ತಿ ಹೋದವರ ದಾಖಲೆ ಕೆಲವು ಕಡೆ ಊರಿನಲ್ಲಿ ಉಳಿದವರಿಗಿಂತ ಚೆನ್ನಾಗಿದೆ. 1860ರಿಂದ 1911ರವರೆಗೆ ದಕ್ಷಿಣ ಆಫ್ರಿಕಾದ ನಟಾಲಿಗೆ ಕರಾರು ಕೂಲಿಗೆ ಹೋದ ಸುಮಾರು 1,52,000 ಭಾರತೀಯರ ಹಡಗು ಪಟ್ಟಿಗಳಿವೆ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಊರು, ಮೈಮೇಲಿನ ಮಚ್ಚೆ ಕೂಡ ಅವುಗಳಲ್ಲಿ ದಾಖಲಾಗಿವೆ. ಮಾರಿಷಸ್‌ಗೆ ಹೋದವರ ದಾಖಲೆ ಅಲ್ಲಿನ ಮೋಕಾದ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿದೆ. "ಅಜ್ಜನ ತಮ್ಮ ಹಡಗು ಹತ್ತಿ ಹೋದವನು ಮರಳಲಿಲ್ಲ" ಎಂಬ ಮಾತು ಮನೆಯಲ್ಲಿದ್ದರೆ ಇವು ನೋಡತಕ್ಕವು.

೯. ಕೆಲವು ಎಚ್ಚರಿಕೆಗಳು

ಮೂಲ ಊರಿಗೆ ಹೋಗಿ ಮೊದಲ ದಿನವೇ ಪಹಣಿ ಕೇಳಬಾರದು. ನಗರದಿಂದ ಬಂದ ದಾಯಾದಿ ಜಮೀನಿನ ಪಾಲಿಗೆ ಬಂದಿದ್ದಾನೆ ಎಂಬ ಅನುಮಾನ ಹುಟ್ಟಿದರೆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯುವುದಿಲ್ಲ. ಮೊದಲು ಬಸದಿಗೆ ಹೋಗಿ, ಅರ್ಚಕರ ಮೂಲಕ ಊರಿನ ಹಿರಿಯರನ್ನು ಕಂಡು, ಬಂದ ಉದ್ದೇಶ ಹೇಳಬೇಕು. ನಕಲು ತೆಗೆದುಕೊಂಡ ಕಾಗದದ ಒಂದು ಪ್ರತಿಯನ್ನು ಅವರಿಗೂ ಕೊಟ್ಟರೆ ನಂಬಿಕೆ ಬರುತ್ತದೆ.

ಹುಡುಕುತ್ತ ಹೋದಂತೆ ಸಾಲ, ಜಗಳ, ಎರಡನೆಯ ಮದುವೆ, ಕೋರ್ಟು ವ್ಯಾಜ್ಯವೂ ಹೊರಗೆ ಬರುತ್ತವೆ. ವ್ಯಾಪಾರಕ್ಕೆ ಬಂದರು ಎಂದು ಮನೆಯಲ್ಲಿ ಹೇಳಿಕೊಂಡು ಬಂದವರು ನಿಜದಲ್ಲಿ ಸಾಲಕ್ಕೆ ಹೊಲ ಹೋಗಿ ಬಂದಿರಬಹುದು. ಅದರಿಂದ ಹಿರಿಯರ ಮರ್ಯಾದೆ ಕಡಿಮೆಯಾಗುವುದಿಲ್ಲ. ಬರಿಗೈಯಲ್ಲಿ ಬಂದು ಮನೆ ಕಟ್ಟಿದರು ಎಂಬುದು ಇನ್ನೂ ದೊಡ್ಡ ಮಾತು. ಆದರೆ ಬದುಕಿರುವವರಿಗೆ ನೋವಾಗುವ ಸಂಗತಿಯನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕದೆ ಮನೆಯ ಕಡತದಲ್ಲಿ ಇಡುವುದು ವಿವೇಕ. ಒಂದೇ ಘಟನೆಗೆ ಎರಡು ಮನೆಯವರು ಎರಡು ಕಥೆ ಹೇಳಿದರೆ ಎರಡನ್ನೂ, ಹೇಳಿದವರ ಹೆಸರಿನೊಂದಿಗೆ ಬರೆದಿಡಬೇಕು.

೧೦. ಬರೆದಿಡುವ ರೀತಿ

ಒಂದು ದಪ್ಪ ಲೆಕ್ಕದ ಪುಸ್ತಕ ಸಾಕು. ಪ್ರತಿ ಹಿರಿಯರಿಗೂ ಒಂದು ಪುಟ. ಎಡಗಡೆ ಸಂಗತಿ, ಬಲಗಡೆ ಅದು ಎಲ್ಲಿಂದ ಗೊತ್ತಾಯಿತು ಎಂಬುದು. ಬಲಗಡೆ ಒಂದೇ ಸಾಕ್ಷಿ ಇದ್ದರೆ ಪೆನ್ಸಿಲಿನಲ್ಲಿ, ಎರಡು ತಾಳೆಯಾದ ಮೇಲೆ ಶಾಯಿಯಲ್ಲಿ ಬರೆಯುವುದು ಒಳ್ಳೆಯ ಪದ್ಧತಿ. ಕೊನೆಗೆ ಮೂರು ಪ್ರತಿ ಮಾಡಿಸಿ ಒಂದು ಮನೆಯಲ್ಲಿ, ಒಂದು ದೂರದಲ್ಲಿರುವ ಮಗ ಅಥವಾ ಮಗಳಲ್ಲಿ, ಒಂದು ಮೂಲ ಊರಿನ ಬಸದಿಯಲ್ಲಿ ಇರಲಿ.

ಎಲ್ಲ ಮಾಹಿತಿ ಸಿಗುವವರೆಗೆ ಕಾಯಬೇಕಾಗಿಲ್ಲ. ಈ ಭಾನುವಾರ ಮನೆಯ ಹಿರಿಯರೊಬ್ಬರ ಪಕ್ಕದಲ್ಲಿ ಒಂದು ಗಂಟೆ ಕೂತು, ಅವರಿಗೆ ನೆನಪಿರುವ ಊರುಗಳ ಹೆಸರನ್ನು ಬರೆದುಕೊಂಡರೆ ಮೊದಲ ಪುಟ ತುಂಬುತ್ತದೆ. ಮನೆ ಕೆಡವುವ ಯೋಚನೆ ಇರುವವರು ಮೇಸ್ತ್ರಿಯನ್ನು ಕರೆಯುವ ಮುಂಚೆ ಅಟ್ಟದ ಟ್ರಂಕನ್ನು ಕೆಳಗಿಳಿಸಿ ನೋಡಲಿ.